ಲೆಕ್ಕದ ಪುಸ್ತಕ ತೆರೆದೆವು, ಆಮೇಲೆ ಷೇರು ಕೊಟ್ಟೆವು: ದಾವಣಗೆರೆಯ ಒಂದು ವರ್ಕ್‌ಶಾಪಿನ ಅನುಭವ

ನಮ್ಮ ವರ್ಕ್‌ಶಾಪಿನ ಕೆಲಸಗಾರರ ಕೈಗೆ ಷೇರು ಸರ್ಟಿಫಿಕೇಟ್ ಬಂದು ಕೆಲವೇ ವಾರ ಆಯ್ತು. ಇದು ಶುರುವಾದದ್ದು 2021ರಲ್ಲಿ. ನಡುವೆ ಆದ ಓಡಾಟ, ಕಾದದ್ದು, ಮನಸ್ತಾಪ, ಖರ್ಚು ಎಲ್ಲ ಇನ್ನೂ ಚೆನ್ನಾಗಿ ನೆನಪಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಯಾಕಂದ್ರೆ ನಮ್ಮ ಕಡೆ ಇಂಥದ್ದನ್ನು ಮಾಡಲು ಹೊರಟವರಿಗೆ ಕೇಳಿ ತಿಳಿಯಲು ಯಾರೂ ಸಿಗುವುದಿಲ್ಲ. ನಮ್ಮ ಆಡಿಟರ್ ಕೂಡ ಮೊದಲ ಸಲ ಕೇಳಿದಾಗ "ಇವೆಲ್ಲ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ವ್ಯವಹಾರ, ನಮಗ್ಯಾಕೆ" ಅಂದಿದ್ದರು. ಕೊನೆಗೆ ಕೂತು ಎಲ್ಲ ಕಾಗದ ಮಾಡಿಕೊಟ್ಟವರೂ ಅವರೇ.

ನಾನು ಮಾಲೀಕಳಲ್ಲ, ಲೆಕ್ಕ ಬರೆಯುವವಳು. ಕೀರ್ದಿ ಪುಸ್ತಕ, ಟ್ಯಾಲಿ, ಜಿಎಸ್‌ಟಿ, ಶನಿವಾರದ ಬಟವಾಡೆ ಎಲ್ಲ ನನ್ನ ಕೆಲಸ. ಕರೂರು ಕೈಗಾರಿಕಾ ಪ್ರದೇಶದ ಕಡೆ ಬಾಡಿಗೆ ಶೆಡ್‌ನಲ್ಲಿ ನಮ್ಮ ವರ್ಕ್‌ಶಾಪ್ ಇದೆ. ಮೆಕ್ಕೆಜೋಳ ಒಕ್ಕುವ ಯಂತ್ರ ಮತ್ತು ಟ್ರ್ಯಾಕ್ಟರ್ ಟ್ರೇಲರ್ ಮಾಡುತ್ತೇವೆ. ಕೆಲಸ ಮಾಡುವವರು ಇಪ್ಪತ್ತು ಚಿಲ್ಲರೆ ಜನ. ಆಗ ಅದು ಪಾಲುದಾರಿಕೆ ಸಂಸ್ಥೆ. ಮಾಲೀಕರು ಮತ್ತು ಬೆಂಗಳೂರಿನಲ್ಲಿರುವ ಅವರ ಅಕ್ಕ ಪಾಲುದಾರರು.

ಮಾಲೀಕರಿಗೆ ಅರವತ್ತು ಹತ್ತಿರ ಬಂದಿತ್ತು. ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ, ಊರಿಗೆ ವಾಪಸ್ ಬರುವ ಮನಸ್ಸಿಲ್ಲ. ಮಷಿನು, ಹೆಸರು, ಗಿರಾಕಿಗಳ ಪಟ್ಟಿ ಎಲ್ಲ ಸೇರಿಸಿ ಕೊಳ್ಳುತ್ತೇವೆ ಅಂತ ಒಂದು ಪಾರ್ಟಿ ಬಂದಿತ್ತು. "ಹುಡುಗರನ್ನು ಇಟ್ಟುಕೊಳ್ತೀರಾ?" ಅಂತ ಮಾಲೀಕರು ಕೇಳಿದ್ದಕ್ಕೆ ಅವರು ಸರಿಯಾಗಿ ಉತ್ತರ ಕೊಡಲಿಲ್ಲ. ಆ ವ್ಯವಹಾರ ಅಲ್ಲಿಗೇ ನಿಂತಿತು. ಆಮೇಲೆ ಮಗ ಹೇಳಿದ ಮಾತು ಇದು: "ಅಪ್ಪಾಜಿ, ನಮ್ಮ ಕಂಪನಿಯಲ್ಲಿ ನಮಗೇ ಷೇರು ಕೊಡ್ತಾರೆ. ನೀವೂ ನಿಮ್ಮವರಿಗೆ ಕೊಡಬಹುದಲ್ವಾ?"

ಅವನೇ ಒಂದು ಕಥೆಯನ್ನೂ ಹೇಳಿದ. ಅಮೆರಿಕದ ಮಿಸೌರಿ ರಾಜ್ಯದಲ್ಲಿ ಸ್ಪ್ರಿಂಗ್‌ಫೀಲ್ಡ್ ಅಂತ ಊರು. ಅಲ್ಲಿ ಟ್ರ್ಯಾಕ್ಟರ್, ಟ್ರಕ್ ಮಾಡುವ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯ ಒಂದು ಘಟಕ ಇತ್ತು. ಹಳೆ ಎಂಜಿನ್ ಬಿಚ್ಚಿ ಹೊಸದರಂತೆ ಮಾಡುವ ಕೆಲಸ. ದೊಡ್ಡ ಕಂಪನಿ ಕಷ್ಟಕ್ಕೆ ಸಿಕ್ಕಿತು. 1983ರಲ್ಲಿ ಜ್ಯಾಕ್ ಸ್ಟ್ಯಾಕ್ ಮತ್ತು ಅವರ ಜೊತೆಯ ಮ್ಯಾನೇಜರ್‌ಗಳು ಆ ಘಟಕವನ್ನು ತಾವೇ ಕೊಂಡರು. ಕೈಯಿಂದ ಹಾಕಿದ್ದು 1 ಲಕ್ಷ ಡಾಲರ್, ಸಾಲ ಸುಮಾರು 89 ಲಕ್ಷ ಡಾಲರ್. ಅಷ್ಟು ಸಾಲದ ಮೇಲೆ ಒಂದು ತಿಂಗಳು ಲೆಕ್ಕ ತಪ್ಪಿದರೂ ಮುಳುಗುವ ಸ್ಥಿತಿ. ಹಾಗಾಗಿ ಎಂಜಿನ್ ಬಿಚ್ಚುವವನಿಂದ ಹಿಡಿದು ಎಲ್ಲರಿಗೂ ಲೆಕ್ಕ ಓದಲು ಕಲಿಸಿದರು, ಪ್ರತಿ ವಾರ ಕೂರಿಸಿ ಅಂಕಿ ತೋರಿಸಿದರು, ಕಂಪನಿಯಲ್ಲಿ ಪಾಲನ್ನೂ ಕೊಟ್ಟರು. ಓಪನ್ ಬುಕ್ ಮ್ಯಾನೇಜ್‌ಮೆಂಟ್ ಅಂತ ಈಗ ಕರೆಯುವ ಪದ್ಧತಿ ಹೆಸರಾದದ್ದು ಅಲ್ಲಿಂದ. ಅದೂ ಗ್ರೀಸ್ ಮೆತ್ತಿದ ಕೈಗಳ ವರ್ಕ್‌ಶಾಪ್ ಅನ್ನುವುದು ನಮ್ಮ ಮಾಲೀಕರಿಗೆ ಹಿಡಿಸಿತು.

ಅವರು ನನ್ನನ್ನು ಕರೆದು ಕೇಳಿದರು, "ಮೊದಲು ಯಾವುದು ಮಾಡೋಣಮ್ಮ, ಷೇರೋ ಲೆಕ್ಕವೋ?" ನಾನು ಲೆಕ್ಕ ಅಂದೆ. ಈಗಲೂ ಅದನ್ನೇ ಹೇಳುತ್ತೇನೆ. ಬ್ಯಾಲೆನ್ಸ್ ಶೀಟ್ ಓದಲು ಬಾರದವರ ಕೈಗೆ ಷೇರು ಕೊಟ್ಟರೆ ಅದು ಬೀರುವಿನಲ್ಲಿ ಮಡಚಿಡುವ ಕಾಗದ ಅಷ್ಟೇ.

ಎರಡನೇ ಲಾಕ್‌ಡೌನ್ ಮುಗಿದ ಮೇಲೆ ಶುರು ಮಾಡಿದೆವು. ಶನಿವಾರ ಬಟವಾಡೆಗೆ ಮುಂಚೆ ಅರ್ಧ ಗಂಟೆ. ಶೆಡ್‌ನ ಗೋಡೆಗೆ ಒಂದು ಕರಿ ಹಲಗೆ ಹಾಕಿಸಿದೆವು. ಮಂಡಕ್ಕಿ, ಮೆಣಸಿನಕಾಯಿ ತರಿಸಿದ್ದರಿಂದ ಮೊದಲ ವಾರ ಎಲ್ಲರೂ ಕೂತರು. ಹಲಗೆ ಮೇಲೆ ನಾನು ಬರೆದದ್ದು ಇಷ್ಟೇ. ನೂರು ರೂಪಾಯಿ ಮಾಲು ಮಾರಿದರೆ ಕಬ್ಬಿಣ, ಬೇರಿಂಗ್, ಬೆಲ್ಟು, ಪೇಂಟು ಸೇರಿ 66 ರೂಪಾಯಿ. ಸಂಬಳ, ಪಿಎಫ್ ಸೇರಿ 14. ಕರೆಂಟು, ಗ್ಯಾಸು, ಲಾರಿ ಬಾಡಿಗೆ 7. ಬ್ಯಾಂಕ್ ಬಡ್ಡಿ 4. ಶೆಡ್ ಬಾಡಿಗೆ, ಇತರೆ 3. ಉಳಿದದ್ದು 6.

ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ವೆಲ್ಡರ್ ಕೇಳಿದ, "ಏನ್ ಅಕ್ಕಾರೆ, ಇಷ್ಟೇನಾ ಉಳಿಯೋದು?" ಅವನ ಅಂದಾಜಿನಲ್ಲಿ ಒಂದು ಮಷಿನ್‌ಗೆ ಅರ್ಧಕ್ಕರ್ಧ ಮಾಲೀಕರಿಗೆ ಉಳಿಯುತ್ತಿತ್ತು. ಇನ್ನೂ ಕೆಲವರು ಅದನ್ನು ನಂಬಲಿಲ್ಲ. "ತೋರಿಸೋಕೆ ಬೇರೆ ಪುಸ್ತಕ, ಇಟ್ಟುಕೊಳ್ಳೋಕೆ ಬೇರೆ ಪುಸ್ತಕ" ಅಂತ ಹಿಂದೆ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ನನಗೆ ಬೇಜಾರಾಯ್ತು, ಸುಳ್ಳು ಹೇಳಲ್ಲ. ಎಷ್ಟೋ ವರ್ಷದಿಂದ ಜೊತೆಗೇ ಊಟ ಮಾಡಿದವರು. ಅದಕ್ಕೆ ಮಾಲೀಕರು ಒಂದು ಒಳ್ಳೆಯ ಕೆಲಸ ಮಾಡಿದರು. ಕಬ್ಬಿಣದ ಬಿಲ್ಲು, ಕರೆಂಟ್ ಬಿಲ್ಲು, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಒಂದು ಫೈಲಿನಲ್ಲಿ ಹಾಕಿ ಹಲಗೆಯ ಪಕ್ಕದಲ್ಲೇ ನೇತುಹಾಕಿಸಿದರು. ಬೇಕಾದವರು ತೆಗೆದು ತಾಳೆ ನೋಡಲಿ ಅಂದರು. ಮೊದಲ ಕೆಲವು ತಿಂಗಳು ಆ ಫೈಲಿನ ಮೇಲೆ ಕರಿ ಬೆರಳ ಗುರುತು ತುಂಬಿತ್ತು. ಆಮೇಲಾಮೇಲೆ ಯಾರೂ ತೆಗೆಯಲಿಲ್ಲ. ನಂಬಿಕೆ ಬಂತು ಅಂತ ನನಗೆ ಗೊತ್ತಾದದ್ದು ಹಾಗೆ.

ನಮ್ಮ ದೊಡ್ಡ ಮಿಸ್ತ್ರಿ, ಲೇತ್ ನೋಡಿಕೊಳ್ಳುವವರು, ಆ ದಿನಗಳಲ್ಲಿ ಒಂದು ಮಾತು ಹೇಳಿದರು. ಅವರ ತಂದೆ ಇಲ್ಲಿನ ಒಂದು ಹತ್ತಿ ಮಿಲ್ಲಿನಲ್ಲಿ ಇದ್ದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲ. "ಮಿಲ್ಲು ನಷ್ಟದಲ್ಲಿದೆ ಅಂತ ನಮ್ಮಪ್ಪಗೆ ತಿಳಿದದ್ದು ಗೇಟಿಗೆ ಬೀಗ ಬಿದ್ದ ದಿನ. ಮೊದಲೇ ಗೊತ್ತಿದ್ದಿದ್ರೆ ಬೇರೆ ಏನಾದ್ರೂ ನೋಡ್ಕೊತಿದ್ರು." ಅವರು ಅಷ್ಟು ಹೇಳಿದ ಮೇಲೆ ಶನಿವಾರದ ಸಭೆ ತಪ್ಪಿಸಲು ಯಾರೂ ನೆಪ ಹುಡುಕಲಿಲ್ಲ.

ಅಂಕಿ ಕಣ್ಣಿಗೆ ಬಿದ್ದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಕರೆಂಟ್ ಬಿಲ್ಲನ್ನು ನಾನು ಇಡಿಯಾಗಿ ಹಲಗೆ ಮೇಲೆ ಬರೆದಿದ್ದೆ. ಅದರಲ್ಲಿ ಪವರ್ ಫ್ಯಾಕ್ಟರ್ ದಂಡ ಅಂತ ಒಂದು ಸಾಲು. ಪ್ರತಿ ತಿಂಗಳೂ ಬರುತ್ತಿತ್ತು, ನಾವು ಕಟ್ಟುತ್ತಿದ್ದೆವು. ನಮ್ಮ ಫಿಟ್ಟರ್ ಒಬ್ಬ ಐಟಿಐ ಓದಿದವನು. ಆ ಸಾಲಿನ ಕೆಳಗೆ ಬೆರಳಿಟ್ಟು "ಇದು ಕೆಪಾಸಿಟರ್ ಕೆಟ್ಟಿರೋದಕ್ಕೆ ಬರೋದು ಅಕ್ಕಾರೆ" ಅಂದ. ಪ್ಯಾನೆಲ್ ಬೋರ್ಡ್ ಬಿಚ್ಚಿ ನೋಡಿದರೆ ಹೌದು, ಒಂದು ಕೆಪಾಸಿಟರ್ ಉಬ್ಬಿಕೊಂಡು ಕೂತಿತ್ತು. ಹೊಸದು ಹಾಕಿಸಿದೆವು, ದಂಡ ನಿಂತಿತು. ಆಕ್ಸಿಜನ್ ಸಿಲಿಂಡರ್ ಖಾಲಿಯಾದ ಮೇಲೂ ಮೂಲೆಯಲ್ಲಿ ನಿಂತಿರುತ್ತಿದ್ದವು, ವಾಪಸ್ ಕೊಡುವುದು ತಡವಾದಷ್ಟೂ ಬಾಡಿಗೆ ಬೀಳುತ್ತಿತ್ತು. ಆ ಅಂಕಿ ಹಲಗೆಗೆ ಬಂದ ಮೇಲೆ ಗ್ಯಾಸ್ ಕಟಿಂಗ್ ಮಾಡುವ ಹುಡುಗರೇ ಗಾಡಿ ಹತ್ತಿಸಿ ಕಳಿಸತೊಡಗಿದರು.

ಜಾಸ್ತಿ ಕಷ್ಟವಾದದ್ದು ಒಂದೇ ಪಾಠ. ಲಾಭ ಬೇರೆ, ಕೈಯಲ್ಲಿರುವ ಹಣ ಬೇರೆ. ನಮ್ಮ ವ್ಯವಹಾರದಲ್ಲಿ ಮೇ, ಜೂನ್‌ನಲ್ಲಿ ಕಬ್ಬಿಣ ಕೊಳ್ಳುತ್ತೇವೆ. ಮೆಕ್ಕೆಜೋಳ ಕಟಾವಿಗೆ ಬರುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಮಷಿನ್ ಮಾರಾಟ. ಡೀಲರ್‌ಗಳು ಹಣ ಕೊಡುವುದು ರೈತರ ಮಾಲು ಎಪಿಎಂಸಿಗೆ ಹೋದ ಮೇಲೆ. ಹಾಗಾಗಿ ಆಗಸ್ಟ್‌ನಲ್ಲಿ ಪುಸ್ತಕದಲ್ಲಿ ಲಾಭ ಇದ್ದರೂ ಓಡಿ ಖಾತೆ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ) ತುದಿಗೆ ಬಂದಿರುತ್ತದೆ. "ಲಾಭ ಇದೆ ಅಂತೀರಿ, ಅಡ್ವಾನ್ಸ್ ಕೇಳಿದ್ರೆ ಇಲ್ಲ ಅಂತೀರಿ" ಅನ್ನುವ ಪ್ರಶ್ನೆ ಎಷ್ಟು ಸಲ ಬಂತೋ. ಕೊನೆಗೆ ಹಲಗೆಯನ್ನು ಎರಡು ಭಾಗ ಮಾಡಿದೆ. ಎಡಕ್ಕೆ ಲಾಭ-ನಷ್ಟ, ಬಲಕ್ಕೆ ಬ್ಯಾಂಕಿನ ಹಣ, ಕೆಳಗೆ ಉದ್ರಿ ಬಾಕಿ. ಒಂದು ಪೂರ್ತಿ ಸೀಸನ್ ಕಣ್ಣೆದುರು ಕಳೆದ ಮೇಲೆ ಅರ್ಥವಾಯಿತು.

ಎಷ್ಟು ಅರ್ಥವಾಯಿತು ಅನ್ನುವುದು ಗೊತ್ತಾದದ್ದು ಹೋದ ವರ್ಷ. 2025ರ ಸೆಪ್ಟೆಂಬರ್ 22ರಿಂದ ಒಕ್ಕಣೆ ಯಂತ್ರದ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿಯಿತು. ರೈತನಿಗೆ ಒಳ್ಳೆಯದೇ. ಆದರೆ ನಾವು ಕೊಳ್ಳುವ ಕಬ್ಬಿಣಕ್ಕೆ 18 ಪರ್ಸೆಂಟ್ ಹಾಗೇ ಇದೆ. ನಾನು ವಿವರಿಸುವ ಮುಂಚೆಯೇ ಅದೇ ಫಿಟ್ಟರ್ ಸೀಮೆಸುಣ್ಣ ತೆಗೆದುಕೊಂಡು ಲೆಕ್ಕ ಹಾಕಿದ. 66 ರೂಪಾಯಿ ಮಾಲಿಗೆ ನಾವು ಕಟ್ಟುವ ಟ್ಯಾಕ್ಸ್ ಹತ್ತಿರ ಹತ್ತಿರ 12 ರೂಪಾಯಿ. ಮೊದಲು ನೂರಕ್ಕೆ 12 ವಸೂಲಾಗುತ್ತಿತ್ತು, ಸರಿಹೋಗುತ್ತಿತ್ತು. ಈಗ 5 ಬರುತ್ತದೆ. ಉಳಿದ 7 ರೂಪಾಯಿ ರಿಫಂಡ್ ಅರ್ಜಿ ಹಾಕಿ ಕಾಯಬೇಕು. "ಹಾಗಾದ್ರೆ ಈ ಸಲ ಓಡಿ ಜಾಸ್ತಿ ಬೇಕು" ಅಂದ. ಹತ್ತನೇ ಕ್ಲಾಸು, ಐಟಿಐ ಓದಿದ ಹುಡುಗ. ನನಗೆ ಕಣ್ಣು ತುಂಬಿ ಬಂತು.

ಎಲ್ಲವನ್ನೂ ತೆರೆದಿಡಬೇಕಿಲ್ಲ. ಸಂಬಳದ ಒಟ್ಟು ಮೊತ್ತ ಹಲಗೆ ಮೇಲೆ ಇರುತ್ತದೆ, ಯಾರಿಗೆ ಎಷ್ಟು ಅನ್ನುವುದು ಇಲ್ಲ. ಡೀಲರ್‌ಗಳ ಹೆಸರೂ ಬರೆಯುವುದಿಲ್ಲ. ಒಮ್ಮೆ ಹೊರ ಜಿಲ್ಲೆಯ ಡೀಲರ್ ಒಬ್ಬರು ನಮ್ಮ ಕಬ್ಬಿಣದ ಖರ್ಚನ್ನು ಕರೆಕ್ಟಾಗಿ ಹೇಳಿ ಚೌಕಾಸಿಗೆ ಕೂತರು. ಯಾರೋ ಹೊರಗೆ ಹೇಳಿದ್ದರು. ಮಾಲೀಕರಿಗೆ ತುಂಬಾ ನೋವಾಯಿತು. ಹಲಗೆ ತೆಗೆಸುವ ಮಾತೂ ಬಂತು. ಆಮೇಲೆ ಶನಿವಾರ ಎಲ್ಲರ ಮುಂದೆ ವಿಷಯ ಇಟ್ಟರು. ಆ ಡೀಲರ್‌ಗೆ ಇಳಿಸಿಕೊಟ್ಟ ಬೆಲೆಯಿಂದ ನೂರಕ್ಕೆ 6 ಇದ್ದದ್ದು ಎಷ್ಟಕ್ಕೆ ಇಳಿಯಿತು ಅಂತ ತೋರಿಸಿದರು. ಮತ್ತೆ ಅಂಥದ್ದು ಆಗಲಿಲ್ಲ.

ಎರಡು ವರ್ಷ ಬರೀ ಲೆಕ್ಕ ಮತ್ತು ಬೋನಸ್. ಕಾನೂನಿನ ಕನಿಷ್ಠ ಬೋನಸ್ 8.33 ಪರ್ಸೆಂಟ್ ಹೇಗೂ ಇತ್ತು. ಅದರ ಮೇಲೆ, ವರ್ಷದ ಆರಂಭದಲ್ಲಿ ಎಲ್ಲರೂ ಕೂತು ಗೊತ್ತು ಮಾಡಿದ ಗುರಿಗಿಂತ ಹೆಚ್ಚು ಲಾಭ ಬಂದರೆ, ಆ ಹೆಚ್ಚಿನದರಲ್ಲಿ ಕಾಲು ಭಾಗ ಹಂಚಿಕೆ. ಮೊದಲ ವರ್ಷ ಏನೂ ಬರಲಿಲ್ಲ, ಕಬ್ಬಿಣದ ಬೆಲೆ ಏರಿತ್ತು. ಯಾಕೆ ಬರಲಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು, ಅದೇ ದೊಡ್ಡದು. ಎರಡನೇ ವರ್ಷ ಬಂತು.

ಇನ್ನು ಷೇರಿನ ವಿಷಯ. ಇಲ್ಲಿಂದ ಕಾಗದದ ಕಥೆ, ಸ್ವಲ್ಪ ತಾಳ್ಮೆಯಿಂದ ಓದಿ.

ಪಾಲುದಾರಿಕೆ ಸಂಸ್ಥೆಯಲ್ಲಿ ಷೇರು ಅನ್ನುವುದೇ ಇಲ್ಲ. ಕೆಲಸಗಾರರನ್ನು ಪಾಲುದಾರರನ್ನಾಗಿ ಸೇರಿಸಬಹುದು, ಆದರೆ ಸಂಸ್ಥೆಯ ಸಾಲಕ್ಕೆ ಅವರ ಮನೆ ಮಠವೂ ಹೊಣೆಯಾಗುತ್ತದೆ. ಅದನ್ನು ಯಾರ ತಲೆ ಮೇಲೂ ಹೊರಿಸಬಾರದು. ಎಲ್‌ಎಲ್‌ಪಿ, ಅಂದರೆ ಪಾಲುದಾರರ ಹೊಣೆಗೆ ಮಿತಿ ಇರುವ ಸಂಸ್ಥೆ, ಮಾಡಿದರೆ ಆ ಹೊಣೆ ತಪ್ಪುತ್ತದೆ, ಆದರೆ ಪಾಲುದಾರನಾದವನು ನೌಕರನಾಗಿ ಉಳಿಯುವುದಿಲ್ಲ, ಪಿಎಫ್, ಇಎಸ್‌ಐ ಪ್ರಶ್ನೆ ಬರುತ್ತದೆ. ಸಹಕಾರ ಸಂಘದ ಮಾತೂ ಬಂತು. ಕೇರಳದಲ್ಲಿ ದಿನೇಶ್ ಬೀಡಿ, ಊರಾಳುಂಗಲ್ ಕಾರ್ಮಿಕರ ಸಂಘ ಹಾಗೆ ಬೆಳೆದಿವೆ. ಅಲ್ಲಿ ಒಬ್ಬರಿಗೆ ಒಂದು ಓಟು. ನಮ್ಮ ಮಾಲೀಕರಿಗೆ ನಿಧಾನವಾಗಿ ಕೈ ಬಿಡಬೇಕಿತ್ತು, ಒಂದೇ ಸಲ ಅಲ್ಲ. ಹಾಗಾಗಿ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ, ನೌಕರರಿಗೆ ಷೇರು ಆಪ್ಷನ್, ಅಂದರೆ ಗೊತ್ತು ಮಾಡಿದ ಬೆಲೆಗೆ ಮುಂದೆ ಷೇರು ಕೊಳ್ಳುವ ಹಕ್ಕು, ಕೊಡುವುದು ಅಂತ ಆಯಿತು. ಇಸಾಪ್ ಅಂತಾರಲ್ಲ, ಅದು.

ಸಂಸ್ಥೆಯನ್ನು ಕಂಪನಿ ಮಾಡುವುದು 2013ರ ಕಂಪನಿ ಕಾಯ್ದೆಯ 366ನೇ ಸೆಕ್ಷನ್ ಪ್ರಕಾರ. ಮೊದಲೇ ಎಡವಿದ್ದು ಹಳೆ ಡೀಡ್ (ಪಾಲುದಾರಿಕೆ ಪತ್ರ) ಹತ್ತಿರ. ಮಾಲೀಕರ ತಂದೆ ತೀರಿಕೊಂಡಾಗ ಹೊಸ ಡೀಡ್ ಆಗಿತ್ತು. ಫರ್ಮ್ಸ್ ರಿಜಿಸ್ಟ್ರಾರ್ ಪುಸ್ತಕದಲ್ಲಿ ಮಾತ್ರ ತಂದೆಯವರ ಹೆಸರೇ ಇತ್ತು. ಮರಣ ಪ್ರಮಾಣಪತ್ರ, ಎರಡೂ ಡೀಡ್, ಅಫಿಡವಿಟ್ ಕೊಟ್ಟು ಅದನ್ನು ಸರಿಪಡಿಸಿಕೊಳ್ಳುವವರೆಗೆ ಮುಂದಿನ ಅರ್ಜಿ ಹಾಕುವಂತಿರಲಿಲ್ಲ. ನಿಮ್ಮದೂ ಹಳೆ ಸಂಸ್ಥೆಯಾಗಿದ್ದರೆ ಇವತ್ತೇ ಹೋಗಿ ಒಂದು ದೃಢೀಕೃತ ನಕಲು ತೆಗೆಸಿ ನೋಡಿ.

ಆಮೇಲೆ ಸಾಲ ಕೊಟ್ಟ ಬ್ಯಾಂಕಿನ ಒಪ್ಪಿಗೆ ಪತ್ರ. ಅಡಮಾನದ ಮೇಲೆ ಸಾಲ ಕೊಟ್ಟವರೆಲ್ಲರ ಒಪ್ಪಿಗೆ ಬೇಕು. ಶಾಖೆಯಿಂದ ಮೇಲಿನ ಆಫೀಸಿಗೆ ಫೈಲು ಹೋಯಿತು, ಮ್ಯಾನೇಜರ್ ವರ್ಗವಾದರು, ಹೊಸಬರು ಮೊದಲಿಂದ ಕೇಳಿದರು. "ಕೆಲಸದವರಿಗೆ ಯಾಕೆ ಪಾಲು ಕೊಡ್ತೀರಿ, ಕಂಪನಿ ಕಷ್ಟದಲ್ಲಿದೆಯಾ?" ಅನ್ನುವ ಪ್ರಶ್ನೆ ಕೂಡ ಬಂತು. ಇಡೀ ಪ್ರಕ್ರಿಯೆಯಲ್ಲಿ ಅತಿ ಹೆಚ್ಚು ಕಾದದ್ದು ಈ ಒಂದು ಕಾಗದಕ್ಕೆ. ನಮ್ಮ ವಾರದ ಲೆಕ್ಕದ ಪ್ರತಿಗಳನ್ನು ತೋರಿಸಿದ ಮೇಲೆ ಅವರ ಮಾತಿನ ಧಾಟಿ ಬದಲಾಯಿತು. ಸೀಸನ್ ಶುರುವಾಗುವ ಹೊತ್ತಿಗೆ ಈ ಅರ್ಜಿ ಹಾಕಬೇಡಿ. ಓಡಿ ನವೀಕರಣ ಮತ್ತು ಇದು ಎರಡೂ ಒಟ್ಟಿಗೆ ಬಂದರೆ ಉಸಿರು ಕಟ್ಟುತ್ತದೆ. ಮತ್ತೆ, ಕಂಪನಿ ಆದರೂ ಮಾಲೀಕರ ಸ್ವಂತ ಜಾಮೀನು ಬ್ಯಾಂಕ್ ಬಿಡಲಿಲ್ಲ.

ಒಂದು ಇಂಗ್ಲಿಷ್, ಒಂದು ಕನ್ನಡ ಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು. ಆಕ್ಷೇಪಣೆಗೆ 21 ದಿನ. ಜಾಹೀರಾತು ನೋಡಿ ಇಬ್ಬರು ಕಬ್ಬಿಣದ ವ್ಯಾಪಾರಿಗಳು ಗಾಬರಿಯಿಂದ ಫೋನ್ ಮಾಡಿದರು, ಅಂಗಡಿ ಮುಚ್ಚುತ್ತಿದ್ದೀರಾ ಅಂತ. ಸಾಲಕ್ಕೆ ಮಾಲು ಕೊಡುವವರಿಗೆ ಮೊದಲೇ ಹೋಗಿ ಹೇಳಿಬಿಡಿ. ಉಳಿದ ಅರ್ಜಿಗಳೆಲ್ಲ ಆನ್‌ಲೈನ್, ಬೆಂಗಳೂರಿನ ಕೋರಮಂಗಲದಲ್ಲಿರುವ ಕಂಪನಿ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ಕೆಲಸ ನಮಗೆ ಬೀಳಲಿಲ್ಲ.

ತೆರಿಗೆಯ ಒಂದು ಷರತ್ತು ಇಲ್ಲಿ ಮುಖ್ಯ. ಸಂಸ್ಥೆ ಕಂಪನಿಯಾದಾಗ ಕ್ಯಾಪಿಟಲ್ ಗೇನ್ಸ್ ತೆರಿಗೆ (ಆಸ್ತಿ ಕೈ ಬದಲಾದಾಗ ಬರುವ ಲಾಭದ ಮೇಲಿನ ತೆರಿಗೆ) ಬೀಳಬಾರದು ಅಂದರೆ, ಎಲ್ಲ ಆಸ್ತಿ, ಎಲ್ಲ ಸಾಲ ಕಂಪನಿಗೆ ಹೋಗಬೇಕು, ಹಳೆ ಪಾಲುದಾರರು ತಮ್ಮ ಬಂಡವಾಳದ ಅನುಪಾತದಲ್ಲೇ ಷೇರು ತೆಗೆದುಕೊಳ್ಳಬೇಕು, ಮತ್ತು ಅವರ ಕೈಯಲ್ಲಿ 5 ವರ್ಷ ಕನಿಷ್ಠ 50 ಪರ್ಸೆಂಟ್ ಓಟಿನ ಹಕ್ಕು ಉಳಿಯಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 47ನೇ ಸೆಕ್ಷನ್‌ನಲ್ಲಿ ಇದು ಬರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್ ಬೇರೆ, ನಿಮ್ಮ ಆಡಿಟರ್ ಹತ್ತಿರ ನೋಡಿಸಿಕೊಳ್ಳಿ. ನಾವು ನೌಕರರಿಗೆ ಅಂತ ತೆಗೆದಿಟ್ಟದ್ದು 12 ಪರ್ಸೆಂಟ್. ಹಾಗಾಗಿ ತೊಂದರೆ ಬರಲಿಲ್ಲ. ಪೂರ್ತಿ ಬಿಟ್ಟುಕೊಡಬೇಕು ಅಂತಿರುವವರು ಈ 5 ವರ್ಷ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು.

2023ರ ಕೊನೆಗೆ ಕಂಪನಿ ಆಯಿತು. ಖುಷಿಪಡಲು ಪುರುಸೊತ್ತಿಲ್ಲ. ಪ್ಯಾನ್ ಬದಲಾದ ಮೇಲೆ ಜಿಎಸ್‌ಟಿ ನಂಬರ್ ಹೊಸದು, ಉದ್ಯಮ್ ನೋಂದಣಿ ಹೊಸದು. ಪಿಎಫ್, ಇಎಸ್‌ಐ, ಕರೆಂಟ್ ಮೀಟರ್, ಟೆಂಪೋದ ಆರ್‌ಸಿ ಎಲ್ಲ ಹೆಸರು ಬದಲಾವಣೆ. ಹಳೆ ಜಿಎಸ್‌ಟಿಯಲ್ಲಿ ಉಳಿದಿದ್ದ ಟ್ಯಾಕ್ಸ್ ಜಮೆಯನ್ನು ಹೊಸದಕ್ಕೆ ದಾಟಿಸಲು ಐಟಿಸಿ-02 ಅಂತ ಅರ್ಜಿ ಇದೆ, ಅದಕ್ಕೆ ಸಿಎ ಸರ್ಟಿಫಿಕೇಟ್ ಬೇಕು. ಹಳೆ ನಂಬರ್ ರದ್ದು ಮಾಡಿಸುವ ಮೊದಲು ಇದು ಮುಗಿಯಬೇಕು, ಜೋಪಾನ.

ಆಪ್ಷನ್ ಕೊಟ್ಟದ್ದು 2024ರ ಏಪ್ರಿಲ್‌ನಲ್ಲಿ. ಇದಕ್ಕೆ ಕಂಪನಿ ಕಾಯ್ದೆಯ 62ನೇ ಸೆಕ್ಷನ್ ಮತ್ತು 2014ರ ಷೇರು ಬಂಡವಾಳ ನಿಯಮಗಳಲ್ಲಿ 12ನೇ ನಿಯಮ. ಪ್ರೈವೇಟ್ ಕಂಪನಿಗಳಿಗೆ 2015ರಿಂದ ಷೇರುದಾರರ ಸಾಮಾನ್ಯ ನಿರ್ಣಯ ಸಾಕು. ಇಲ್ಲಿ ನಮಗೆ ಗೊತ್ತಿಲ್ಲದ ಒಂದು ಮುಳ್ಳಿತ್ತು. ಒಂದೇ ವರ್ಷದಲ್ಲಿ ಒಬ್ಬರಿಗೆ ಕಂಪನಿ ಬಂಡವಾಳದ 1 ಪರ್ಸೆಂಟ್ ಅಥವಾ ಹೆಚ್ಚು ಆಪ್ಷನ್ ಕೊಟ್ಟರೆ ಅವರ ಸಲುವಾಗಿ ಪ್ರತ್ಯೇಕ ನಿರ್ಣಯ ಬೇಕು. ದೊಡ್ಡ ಕಂಪನಿಗಳಲ್ಲಿ 1 ಪರ್ಸೆಂಟ್ ಅಂದ್ರೆ ಬೆಟ್ಟ. ನಮ್ಮಂಥ ಕಡೆ ದೊಡ್ಡ ಮಿಸ್ತ್ರಿ, ಇಬ್ಬರು ಫಿಟ್ಟರ್ ಸುಲಭವಾಗಿ ಅದನ್ನು ದಾಟುತ್ತಾರೆ. ನಮ್ಮ ಸಿಎಸ್ (ಕಂಪನಿ ಸೆಕ್ರೆಟರಿ) ಕೊನೆ ಗಳಿಗೆಯಲ್ಲಿ ಹಿಡಿದು ಸರಿ ಮಾಡಿದರು.

ಇನ್ನೊಂದು, ಆಪ್ಷನ್ ಕೊಡಬಹುದಾದದ್ದು ಕಾಯಂ ನೌಕರರಿಗೆ. ನಮ್ಮ ವೆಲ್ಡರ್‌ಗಳಲ್ಲಿ ಕೆಲವರು ಗುತ್ತಿಗೆದಾರನ ಮೂಲಕ, ಪೀಸ್ ಲೆಕ್ಕದಲ್ಲಿ ಬರುತ್ತಿದ್ದರು. ಮಷಿನ್‌ನ ಅರ್ಧ ಕೆಲಸ ಅವರದೇ. ಅವರನ್ನು ಬಿಟ್ಟು ಉಳಿದವರಿಗೆ ಷೇರು ಕೊಟ್ಟರೆ ಶೆಡ್ ಎರಡು ಭಾಗವಾಗುತ್ತಿತ್ತು. ನಮ್ಮ ರೋಲ್‌ಗೆ ಬನ್ನಿ ಅಂದೆವು. ಅವರಿಗೆ ಅದು ಸುಲಭದ ನಿರ್ಧಾರ ಆಗಿರಲಿಲ್ಲ. ಪಿಎಫ್ 12 ಪರ್ಸೆಂಟ್ ಕಟ್ಟಾಗುತ್ತದೆ, ಇಎಸ್‌ಐ 0.75 ಕಟ್ಟಾಗುತ್ತದೆ, ಸೀಸನ್‌ನಲ್ಲಿ ರಾತ್ರಿ ಹಗಲು ಹೊಡೆದು ದುಡಿಯುವ ಪೀಸ್ ರೇಟ್ ಹೋಗುತ್ತದೆ. ಒಬ್ಬ ಒಪ್ಪದೆ ಹೋದ. ಒಳ್ಳೆಯ ಕೆಲಸಗಾರ, ಇವತ್ತಿಗೂ ಅವನ ಜಾಗ ಖಾಲಿ ಅನಿಸುತ್ತದೆ. ಉಳಿದವರು ಬಂದರು. ಮಾಲೀಕರ ಅಣ್ಣನ ಮಗ ನಮ್ಮಲ್ಲೇ ಸ್ಟೋರ್ ನೋಡಿಕೊಳ್ಳುತ್ತಾನೆ. ಪ್ರವರ್ತಕರ (ಕಂಪನಿ ಕಟ್ಟಿದವರ) ಕುಟುಂಬ ಅನ್ನುವ ಕಾರಣಕ್ಕೆ ಅವನಿಗೆ ಆಪ್ಷನ್ ಬೇಡ ಅಂತ ಸಿಎಸ್ ಹೇಳಿದರು. ಹೊಗೆಯಲ್ಲಿ ಎಲ್ಲರ ಜೊತೆ ನಿಂತು ದುಡಿದ ಹುಡುಗ, ಪಾಪ, ಮುಖ ಸಣ್ಣ ಮಾಡಿಕೊಂಡ. ಅವನ ಸಂಬಳದಲ್ಲಿ ಬೇರೆ ರೀತಿ ಸರಿದೂಗಿಸಿದರು.

ಕೊಟ್ಟ ಆಪ್ಷನ್ ಕೈಗೆ ಬರಲು ಕನಿಷ್ಠ 1 ವರ್ಷ ಕಾಯಬೇಕು, ಇದು ನಿಯಮ. ನಾವು ನಾಲ್ಕು ಕಂತು ಮಾಡಿದೆವು. ಷೇರು ಆಗುವವರೆಗೆ ಡಿವಿಡೆಂಡ್ ಇಲ್ಲ, ಓಟಿಲ್ಲ. ಇದನ್ನು ಬಿಡಿಸಿ ಹೇಳಲು ಒಂದು ಭಾನುವಾರ ಎಲ್ಲರ ಮನೆಯವರನ್ನೂ ಕರೆದಿದ್ದೆವು. ಯಾರೋ ಇನ್ಫೋಸಿಸ್ ಹೆಸರು ತೆಗೆದರು. ಅಲ್ಲಿ 1994ರಲ್ಲಿ ನೌಕರರಿಗೆ ಷೇರು ಕೊಡಲು ಶುರು ಮಾಡಿದ್ದು, ಅದರಿಂದ ಶ್ರೀಮಂತರಾದವರ ಕಥೆ ಎಲ್ಲರಿಗೂ ಗೊತ್ತು. ಮಾಲೀಕರು ನೇರವಾಗಿ ಹೇಳಿದರು, "ನಮ್ಮ ಷೇರು ಮಾರ್ಕೆಟ್‌ನಲ್ಲಿ ಮಾರಲು ಬರಲ್ಲ. ಕೋಟಿ ಆಗಲ್ಲ. ಇದು ನಿಮ್ಮ ದುಡಿಮೆಯ ಮನೆಯಲ್ಲಿ ನಿಮ್ಮದೊಂದು ಪಾಲು." ಒಬ್ಬ ವೆಲ್ಡರ್‌ನ ಹೆಂಡತಿ ಎದ್ದು ಕೇಳಿದಳು, "ಇವರಿಗೆ ಏನಾದ್ರೂ ಆದ್ರೆ?" ಆ ದಿನ ಕೇಳಿದ ಪ್ರಶ್ನೆಗಳಲ್ಲಿ ಅದೇ ತೂಕದ್ದು. ನಿಯಮದಲ್ಲಿ ಉತ್ತರ ಇದೆ. ನೌಕರಿಯಲ್ಲಿರುವಾಗ ತೀರಿಕೊಂಡರೆ ಕೊಟ್ಟ ಆಪ್ಷನ್ ಎಲ್ಲವೂ ವಾರಸುದಾರರಿಗೆ ಹೋಗುತ್ತದೆ, ಕಂತು ಕಾಯಬೇಕಿಲ್ಲ. ಕೈಕಾಲಿಗೆ ಶಾಶ್ವತ ಊನವಾಗಿ ಕೆಲಸ ಮಾಡಲಾಗದಿದ್ದರೆ ಅವತ್ತೇ ಅವನದಾಗುತ್ತದೆ. ತಾನಾಗಿ ಬಿಟ್ಟು ಹೋದರೆ ಅಥವಾ ಕೆಲಸದಿಂದ ತೆಗೆದರೆ ಮಾತ್ರ ಉಳಿದ ಕಂತು ಹೋಗುತ್ತದೆ. ಷೇರು ಬಂದ ಮೇಲೆ ಎಸ್‌ಎಚ್-13 ಅರ್ಜಿಯಲ್ಲಿ ನಾಮಿನಿ ಹೆಸರು ಬರೆಸಿ. ನಾವು ಸರ್ಟಿಫಿಕೇಟ್ ಕೊಡುವಾಗಲೇ ಬರೆಸಿಕೊಂಡೆವು.

ಹಣ ಕಟ್ಟುವ ಸಮಯದ ಬಗ್ಗೆ ಒಂದು ಮಾತು. ಮೊದಲ ಕಂತು 2025ರ ಏಪ್ರಿಲ್‌ಗೆ ಪಕ್ವವಾಯಿತು. ಆದರೆ ಆಗ ಯಾರ ಕೈಯಲ್ಲಿ ಹಣ ಇರುತ್ತದೆ? ಜೂನ್ ಬಂದರೆ ಸ್ಕೂಲ್ ಫೀಸು. ದುಗ್ಗಮ್ಮನ ಜಾತ್ರೆಯ ವರ್ಷ ಆದರಂತೂ ಕೇಳಲೇಬೇಡಿ, ಮನೆ ತುಂಬ ನೆಂಟರು. ಹಾಗಾಗಿ ದೀಪಾವಳಿ ಬೋನಸ್ ಆದ ಮೇಲೆ ಹಣ ಕಟ್ಟುವ ಅವಧಿ ಇಟ್ಟೆವು. ಷೇರಿನ ಬೆಲೆಯನ್ನು ಮೌಲ್ಯಮಾಪನದ ಮೂರನೇ ಒಂದು ಭಾಗಕ್ಕೆ ನಿಗದಿ ಮಾಡಿದ್ದೆವು. ಅಷ್ಟೂ ಇಲ್ಲದವರಿಗೆ ಕಂಪನಿಯೇ ಸಾಲ ಕೊಡಬಹುದು.  ಬಟವಾಡೆಯಲ್ಲಿ ಹಿಡಿದುಕೊಳ್ಳಲು ಪ್ರತಿಯೊಬ್ಬರಿಂದ ಬರಹದಲ್ಲಿ ಒಪ್ಪಿಗೆ ಪಡೆದೆವು.

ಮೌಲ್ಯಮಾಪನದ ಖರ್ಚು ನನಗೆ ಇವತ್ತಿಗೂ ಸಂಕಟ. ಹಣ ಕಟ್ಟಿ ಷೇರು ಪಡೆದ ದಿನ, ನಿಜವಾದ ಬೆಲೆಗೂ ಕಟ್ಟಿದ ಬೆಲೆಗೂ ಇರುವ ವ್ಯತ್ಯಾಸವನ್ನು ಸಂಬಳದ ಭಾಗ ಅಂತ ತೆರಿಗೆ ಇಲಾಖೆ ನೋಡುತ್ತದೆ. ಮಾರ್ಕೆಟ್‌ನಲ್ಲಿ ಇಲ್ಲದ ಷೇರಿಗೆ ಆ ಬೆಲೆಯನ್ನು ಮರ್ಚೆಂಟ್ ಬ್ಯಾಂಕರ್ ಅನ್ನುವ ಪರವಾನಗಿ ಇರುವ ಹಣಕಾಸು ಸಂಸ್ಥೆ ಬರೆದುಕೊಡಬೇಕು, 180 ದಿನಕ್ಕಿಂತ ಹಳೆಯದಾಗಿರಬಾರದು. ಬೆಂಗಳೂರಿನಿಂದ ಮಾಡಿಸಿದೆವು, 60 ಸಾವಿರ ಆಯಿತು. ನಮ್ಮವರ ಆದಾಯ ಹೊಸ ಪದ್ಧತಿಯ 12 ಲಕ್ಷದ ಒಳಗೇ ಇರುವುದರಿಂದ ಯಾರಿಗೂ ತೆರಿಗೆ ಬೀಳಲಿಲ್ಲ. ಆದರೂ ರಿಪೋರ್ಟ್ ತಪ್ಪಿಸುವಂತಿಲ್ಲ. ಕಂಪನಿ ಪರಿವರ್ತನೆಗೆ ಜಾಹೀರಾತು, ಫೀಸು ಎಲ್ಲ ಸೇರಿ ಒಂದೂಕಾಲು ಲಕ್ಷದ ಹತ್ತಿರ ಹೋಯಿತು. ಯೋಜನೆಯ ಕರಾರು ಬರೆಸಲು 40 ಸಾವಿರ. ಇನ್ನು ಮುಂದೆ ವರ್ಷವೂ ಕಡ್ಡಾಯ ಆಡಿಟ್, ರಿಟರ್ನ್‌ಗಳು, ಸಿಎಸ್ ಫೀಸು. ಇವೆಲ್ಲ ಹಲಗೆ ಮೇಲೆ ಬರೆದೇ ಮಾಡಿದ್ದು. ಬೇಡ ಅಂತ ಯಾರೂ ಹೇಳಲಿಲ್ಲ.

ಸರ್ಟಿಫಿಕೇಟ್ ಬಂದ ದಿನ ಮಾಲೀಕರು ಒಬ್ಬೊಬ್ಬರ ಹೆಸರು ಕರೆದು ಕೊಟ್ಟರು. ನನಗೂ ಒಂದು ಬಂತು. ಅದರಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಷೇರಿನ ಸಂಖ್ಯೆ. ಹದಿನೈದು ವರ್ಷದಿಂದ ನಾನು ಬರೆಯುತ್ತಿದ್ದ ಬಂಡವಾಳದ ಖಾತೆಯಲ್ಲಿ ನನ್ನದೇ ಹೆಸರು ಜಮಾ ಬರೆದೆ. ನಾವು ಸಣ್ಣ ಕಂಪನಿ ಆದ್ದರಿಂದ ಡಿಮ್ಯಾಟ್ ಮಾಡಿಸುವ ಕಡ್ಡಾಯ ಇಲ್ಲ, ಕಾಗದದ ಸರ್ಟಿಫಿಕೇಟ್ ನಡೆಯುತ್ತದೆ. ಆಪ್ಷನ್ ರಿಜಿಸ್ಟರ್ ಎಸ್‌ಎಚ್-6 ಮಾತ್ರ ತಪ್ಪದೆ ಬರೆದಿಡಬೇಕು.

ಬಿಟ್ಟು ಹೋಗುವಾಗ ಷೇರು ಯಾರು ಕೊಳ್ಳುತ್ತಾರೆ ಅನ್ನುವುದನ್ನು ಕೊಡುವ ಮೊದಲೇ ಬರೆದಿಡಿ. ಇದನ್ನು ಬರೆಯದೆ ಶುರು ಮಾಡಬೇಡಿ. ಅಮೆರಿಕದಲ್ಲಿ ನಿವೃತ್ತಿ ಯೋಜನೆಯ ಮೂಲಕ ನೌಕರರಿಗೆ ಷೇರು ಕೊಟ್ಟ, ಮಾರ್ಕೆಟ್‌ಗೆ ಬಾರದ ಕಂಪನಿಗಳು ನಿವೃತ್ತರ ಷೇರನ್ನು ವಾಪಸ್ ಕೊಳ್ಳಲೇಬೇಕು ಅಂತ ಕಾನೂನೇ ಇದೆ. ಇಲ್ಲಿ ಅಂಥ ಕಟ್ಟಳೆ ಇಲ್ಲ, ಕಂಪನಿಯ ಆರ್ಟಿಕಲ್ಸ್‌ನಲ್ಲಿ (ಒಳ ನಿಯಮಾವಳಿಯಲ್ಲಿ) ನಾವೇ ಹಾಕಿಕೊಳ್ಳಬೇಕು. ನಮ್ಮಲ್ಲಿ ಹೀಗಿದೆ: ಹೋಗುವವರು ಮೊದಲು ಒಳಗಿನವರಿಗೆ ಕೇಳಬೇಕು, ಆಗದಿದ್ದರೆ ಮಾಲೀಕರ ಕುಟುಂಬ ಅಥವಾ ಕಂಪನಿ ಕೊಳ್ಳಬೇಕು. ಬೆಲೆ ಕೊನೆಯ ಆಡಿಟ್ ಆದ ಬ್ಯಾಲೆನ್ಸ್ ಶೀಟ್‌ನಿಂದ, ಎಲ್ಲರಿಗೂ ಗೊತ್ತಿರುವ ಸೂತ್ರದ ಪ್ರಕಾರ. ಕಂಪನಿ ತಾನೇ ಕೊಳ್ಳುವುದಾದರೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇದೆ, ಉಳಿತಾಯ ನಿಧಿಯಂಥ ಕಾನೂನು ಹೇಳಿದ ಮೂಲಗಳಿಂದಲೇ ಕೊಡಬೇಕು. ಅದಕ್ಕೆ ಅಂತ ಲಾಭದಲ್ಲಿ ಒಂದು ಪಾಲು ಬೇರೆ ಎತ್ತಿಡುತ್ತಿದ್ದೇವೆ.

ಮೊದಲು ಹೋಗುವವರು ದೊಡ್ಡ ಮಿಸ್ತ್ರಿ, ಮುಂದಿನ ವರ್ಷ ನಿವೃತ್ತಿ. ಇವತ್ತಿನ ಲೆಕ್ಕದಲ್ಲಿ ಅವರಿಗೆ ಎಷ್ಟು ಕೊಡಬೇಕಾಗುತ್ತದೆ ಅನ್ನುವ ಅಂಕಿ, ಅವರು ಒಪ್ಪಿದ್ದರಿಂದ, ಹಲಗೆಯ ಬಲ ಮೂಲೆಯಲ್ಲಿದೆ. ಮೂರು ತಿಂಗಳಿಗೊಮ್ಮೆ ತಿದ್ದುತ್ತೇವೆ. ನಿಧಿಯಲ್ಲಿ ಇನ್ನೂ ಅಷ್ಟು ಹಣ ಸೇರಿಲ್ಲ. ಈ ಸಲದ ಮೆಕ್ಕೆಜೋಳದ ಸೀಸನ್‌ನಲ್ಲಿ ಅದನ್ನು ತುಂಬಿಸಬೇಕು.